ಎಸ್ಸೆಸ್ಸೆಲ್ಸಿ ಆದ ಮೇಲೆ ಪಶುಸಂಗೋಪನೆ ಡಿಪ್ಲೊಮಾ: ಅರ್ಜಿಯಿಂದ ಸ್ವಂತ ಕೊಟ್ಟಿಗೆಯವರೆಗೆ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನಗೆ ಅವೇ ಪ್ರಶ್ನೆಗಳು ಬರುತ್ತವೆ. "ದನ, ಕುರಿ ಸಾಕಣೆ ಓದೋ ಕೋರ್ಸ್ ಇದೆಯಂತಲ್ಲ, ಸೇರಬಹುದಾ?" "ಮುಗಿಸಿದ್ರೆ ಡಾಕ್ಟರ್ ಆಗ್ತಾರಾ?" "ಮನೇಲೇ ನಾಲ್ಕು ಹಸು ಇವೆ, ಅದಕ್ಕೆ ಓದೋದು ಯಾಕೆ?" ಎಲ್ಲರಿಗೂ ಅನುಕೂಲವಾಗಲಿ ಅಂತ ಉತ್ತರಗಳನ್ನು ಇಲ್ಲಿ ಒಂದೊಂದೇ ಹಂತವಾಗಿ ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಈ ಓದಿನಲ್ಲಿ ಎರಡು ಕಲಿಕೆ ಇವೆ. ಒಂದು ಪ್ರಾಣಿಯದ್ದು: ಮೇವು, ತಳಿ, ಬೆದೆ (ಹಸು ಗಬ್ಬಕ್ಕೆ ಸಿದ್ಧವಾಗುವ ಸಮಯ), ಬಾಣಂತನ, ಲಸಿಕೆ. ಇನ್ನೊಂದು ಲೆಕ್ಕದ್ದು: ಒಂದು ಲೀಟರ್ ಹಾಲಿಗೆ ಎಷ್ಟು ಖರ್ಚಾಯಿತು, ಯಾವ ಹಸು ಮನೆಗೆ ಕೊಡುತ್ತಿದೆ, ಯಾವುದು ಮನೆಯಿಂದ ತಿನ್ನುತ್ತಿದೆ. ಹೆಚ್ಚಿನ ಮಕ್ಕಳು ಸೂಜಿ ಹಿಡಿಯುವುದನ್ನು ಕಲಿಯಲು ಓಡುತ್ತಾರೆ, ಲೆಕ್ಕದ ಪಾಠದಲ್ಲಿ ಹಿಂದಿನ ಬೆಂಚಿಗೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಕೊಟ್ಟಿಗೆಗಳು ರೋಗದಿಂದ ಮುಚ್ಚುವುದಕ್ಕಿಂತ ಜಾಸ್ತಿ ಲೆಕ್ಕ ಇಡದೆ ಮುಚ್ಚುವುದನ್ನು ನಾನು ನೋಡಿದ್ದೇನೆ.

ಹಂತ 1: ಯಾವ ಕೋರ್ಸ್ ಅಂತ ಸರಿಯಾಗಿ ತಿಳಿದುಕೊಳ್ಳಿ

ಕರ್ನಾಟಕದಲ್ಲಿ ಈ ಡಿಪ್ಲೊಮಾ ಕೊಡುವುದು ಬೀದರ್‌ನಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಕೋರ್ಸಿನ ಹೆಸರು ಪಶುಸಂಗೋಪನೆ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಓದು. ಪಾಠ ನಡೆಯುವುದು ಪಶುಸಂಗೋಪನೆ ಪಾಲಿಟೆಕ್ನಿಕ್‌ಗಳಲ್ಲಿ. ತಿಪಟೂರು ತಾಲೂಕಿನ ಕೋನೇಹಳ್ಳಿ, ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಯಾದಗಿರಿ ಜಿಲ್ಲೆಯ ದೋರನಹಳ್ಳಿ, ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿಯ ಹೆಸರುಗಳನ್ನು ನೀವು ಕೇಳಿರಬಹುದು.

ಇಲ್ಲಿ ಆಗುವ ಗೊಂದಲ ಮೂರು. ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಡಿಪ್ಲೊಮಾ ಮುಖ್ಯವಾಗಿ ಬೆಳೆಗೆ ಸಂಬಂಧಿಸಿದ್ದು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಡೇರಿ ತಂತ್ರಜ್ಞಾನ ಡಿಪ್ಲೊಮಾ ಹಾಲು ಬಂದ ಮೇಲಿನ ಕೆಲಸದ್ದು: ಹಾಲನ್ನು ಸಂಸ್ಕರಿಸುವುದು, ತುಪ್ಪ, ಮೊಸರು ಮಾಡುವುದು. ಹಸು ಸಾಕುವುದು ಅದರಲ್ಲಿ ಮುಖ್ಯವಲ್ಲ. ಮೂರನೆಯದ್ದು ಅಪಾಯದ್ದು. "ಆರು ತಿಂಗಳಲ್ಲಿ ಪಶುವೈದ್ಯ ಡಿಪ್ಲೊಮಾ, ಮನೆಯಿಂದಲೇ ಓದಿ" ಅಂತ ಬರುವ ಜಾಹೀರಾತು. ಹಸುವಿನ ಮೈ ಮುಟ್ಟದೆ ಈ ವಿದ್ಯೆ ಬರುವುದಿಲ್ಲ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಸರ್ಟಿಫಿಕೇಟಿಗೆ ಸಹಿ ಹಾಕುವ ವಿಶ್ವವಿದ್ಯಾಲಯ ಯಾವುದು? ಉತ್ತರ ಸುತ್ತಿ ಬಳಸಿ ಬಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 2: ಈ ಸರ್ಟಿಫಿಕೇಟ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಡಿಪ್ಲೊಮಾ ಮುಗಿಸಿದವರು ಪಶುವೈದ್ಯರಲ್ಲ. ಇದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೂ ಈಗಲೇ ಹೇಳಿಬಿಡಿ. ನಾಳೆ ಊರವರು ಪ್ರೀತಿಯಿಂದ "ಡಾಕ್ಟ್ರೇ" ಅಂತ ಕರೆದಾಗ ಕಷ್ಟ ಶುರುವಾಗುತ್ತದೆ.

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಮಾಡುವ ಹಕ್ಕು ನೋಂದಣಿಯಾದ ಪಶುವೈದ್ಯರಿಗೆ ಮಾತ್ರ. ಡಿಪ್ಲೊಮಾ ಇದ್ದವರಿಗೆ ರಾಜ್ಯ ಸರ್ಕಾರ ಆದೇಶ ಮಾಡಿ "ಕಿರು ಪಶುವೈದ್ಯ ಸೇವೆ"ಗೆ ಅನುಮತಿ ಕೊಡಬಹುದು. ಅಂದರೆ ಲಸಿಕೆ ಹಾಕುವುದು, ಹೋರಿಯ ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಥ ಪ್ರಾಥಮಿಕ ನೆರವು. ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ, ಅವರು ಹೇಳಿದಂತೆ.

ಇದು ಬರೀ ಕಾನೂನಿನ ಮಾತಲ್ಲ. ಕಂಡ ಕಂಡ ಜ್ವರಕ್ಕೆಲ್ಲ ಆ್ಯಂಟಿಬಯೋಟಿಕ್ ಚುಚ್ಚಿದರೆ ಅದರ ಅಂಶ ಹಾಲಿನಲ್ಲಿ ಬರುತ್ತದೆ, ಆ ಹಾಲು ಮಗುವಿನ ಲೋಟಕ್ಕೆ ಹೋಗುತ್ತದೆ. ಮದ್ದು ಕೊಟ್ಟ ಮೇಲೆ ಇಷ್ಟು ದಿನ ಹಾಲನ್ನು ಮಾರಬಾರದು ಅನ್ನುವ ನಿಯಮ ಇದೆ. ಆ ದಿನಗಳ ಲೆಕ್ಕ ಮದ್ದಿನ ಚೀಟಿಯಲ್ಲಿ ಇರುತ್ತದೆ. ಅದನ್ನು ಓದಿ ರೈತರಿಗೆ ಹೇಳುವುದು ನಿಮ್ಮ ಕೆಲಸ. ಯಾವ ಮದ್ದು ಅಂತ ತೀರ್ಮಾನಿಸುವುದು ವೈದ್ಯರ ಕೆಲಸ.

ಡಾಕ್ಟರೇ ಆಗಬೇಕು ಅನ್ನುವ ಆಸೆ ಇದ್ದರೆ ದಾರಿ ಬೇರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ಪ್ರವೇಶ ಪರೀಕ್ಷೆ ಬರೆದು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪಶುವೈದ್ಯ ಪದವಿ ಓದಬೇಕು. "ಡಿಪ್ಲೊಮಾ ಮಾಡಿದರೆ ಸೀದಾ ಪದವಿಯ ಎರಡನೇ ವರ್ಷಕ್ಕೆ ಹೋಗಬಹುದು" ಅಂತ ಯಾರಾದರೂ ಹೇಳಿದರೆ, ಬರವಣಿಗೆಯಲ್ಲಿ ತೋರಿಸಿ ಅಂತ ಕೇಳಿ. ಎಂಜಿನಿಯರಿಂಗ್ ಡಿಪ್ಲೊಮಾದ ನಿಯಮವನ್ನು ಇದಕ್ಕೆ ಅಂಟಿಸಿಕೊಂಡು ಮೋಸ ಹೋದ ಮಕ್ಕಳಿದ್ದಾರೆ.

ಹಂತ 3: ಕಾಗದ ಪತ್ರ ಮೊದಲೇ ಸಿದ್ಧ ಮಾಡಿ

ಫಲಿತಾಂಶ ಬಂದ ಮೇಲೆ ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸುತ್ತದೆ. ಆಯ್ಕೆ ನಡೆಯುವುದು ಎಸ್ಸೆಸ್ಸೆಲ್ಸಿ ಅಂಕ ಮತ್ತು ಮೀಸಲಾತಿಯ ಮೇಲೆ. ಕನಿಷ್ಠ ಅಂಕ, ವಯಸ್ಸು, ಕನ್ನಡ ಓದಿರಬೇಕೆಂಬ ಷರತ್ತು, ಶುಲ್ಕ, ಎಲ್ಲವನ್ನೂ ಆ ವರ್ಷದ ಅಧಿಸೂಚನೆಯಲ್ಲೇ ನೋಡಿ. ಹೋದ ವರ್ಷ ಸೇರಿದ ಅಣ್ಣನ ಮಾತು ನಂಬಿ ಕೂರಬೇಡಿ.

ಸೀಟು ತಪ್ಪುವುದು ಹೆಚ್ಚಾಗಿ ಅಂಕದಿಂದಲ್ಲ, ಕಾಗದದಿಂದ. ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ ಎಲ್ಲರ ಹತ್ತಿರ ಇರುತ್ತವೆ. ಇಲ್ಲದಿರುವುದು ಇವು:

- ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಪಡೆದದ್ದು, ಮೇಲೆ "RD" ಅಂತ ಶುರುವಾಗುವ ಸಂಖ್ಯೆ ಇರುವಂಥದ್ದು. ಅವಧಿ ಮುಗಿದಿದೆಯಾ ನೋಡಿ.
- ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ. ಮುಖ್ಯೋಪಾಧ್ಯಾಯರ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯೂ ಬೇಕು. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಪ್ರತಿಯೊಂದು ಶಾಲೆಯಿಂದಲೂ ತರಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.
- ಕನ್ನಡ ಮಾಧ್ಯಮ ಪ್ರಮಾಣಪತ್ರ.
- ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ 371(ಜೆ) ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯದ್ದು. ಉಪವಿಭಾಗಾಧಿಕಾರಿ ಕೊಡುತ್ತಾರೆ.
- ಕೃಷಿಕರ ಕೋಟಾ ಕೇಳುವವರಾದರೆ ತಹಶೀಲ್ದಾರರ ಕೃಷಿಕ ಪ್ರಮಾಣಪತ್ರ ಮತ್ತು ಪಹಣಿ.

ಅರ್ಜಿಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಅಂಕಪಟ್ಟಿಯ ಹೆಸರು ಅಕ್ಷರ ಬಿಡದೆ ಹೊಂದಬೇಕು. ಇನಿಷಿಯಲ್ ಮುಂದೋ ಹಿಂದೋ ಅನ್ನುವ ಸಣ್ಣ ವ್ಯತ್ಯಾಸಕ್ಕೂ ಓಡಾಡಿಸುತ್ತಾರೆ.

ಹಂತ 4: ಸೇರುವ ಮೊದಲು ಒಂದು ತಿಂಗಳು ಕೊಟ್ಟಿಗೆಯಲ್ಲಿ ಇರಿ

ಇದನ್ನು ಯಾವ ಅಧಿಸೂಚನೆಯೂ ಕೇಳುವುದಿಲ್ಲ. ನಾನು ಕೇಳುತ್ತೇನೆ. ಬೆಳಗ್ಗೆ ಐದಕ್ಕೆ ಏಳಿ, ಸಗಣಿ ಬಾಚಿ, ಹಾಲು ಕರೆಯಿರಿ, ಡೇರಿಗೆ ಹೋಗಿ ಹಾಕಿ ಬನ್ನಿ. ಪೇಟೆಯವರಾದರೆ ನೆಂಟರ ಊರಿಗೆ ಹೋಗಿ. ಹಬ್ಬ, ಮದುವೆ, ಜ್ವರ ಯಾವುದಕ್ಕೂ ಹಸು ರಜೆ ಕೊಡುವುದಿಲ್ಲ. ತಿಂಗಳು ಕಳೆದ ಮೇಲೂ ಇಷ್ಟವಾದರೆ ಧೈರ್ಯವಾಗಿ ಸೇರಿ. ಆಗದಿದ್ದರೆ ಎರಡು ವರ್ಷ ಉಳಿಯಿತು. ಹೆಣ್ಣುಮಕ್ಕಳಿಗೆ ಇದು ಆಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕೊಟ್ಟಿಗೆ ನಡೆಸುತ್ತಿರುವವರು ಯಾರು ಅಂತ ಒಮ್ಮೆ ನೋಡಿ. ಉತ್ತರ ಅಲ್ಲೇ ಇದೆ, ಅಲ್ವಾ?

ಹಂತ 5: ಎರಡು ವರ್ಷದಲ್ಲಿ ಕೈಗೆ ಬರಲೇಬೇಕಾದ ಕೆಲಸಗಳು

ಪಾಠದ ಪಟ್ಟಿ ಉದ್ದ ಇರುತ್ತದೆ. ದೇಹರಚನೆ, ಆಹಾರ, ತಳಿ, ಕೊಟ್ಟಿಗೆ ಕಟ್ಟುವುದು, ಕುರಿ, ಮೇಕೆ, ಹಂದಿ, ಕೋಳಿ, ಮೇವಿನ ಬೆಳೆ, ಹೀಗೆ. ಪರೀಕ್ಷೆಗೆ ಎಲ್ಲ ಓದಿ. ಆದರೆ ಈ ಕೆಲವನ್ನು ಕಣ್ಣು ಮುಚ್ಚಿ ಮಾಡುವಷ್ಟು ಕಲಿಯಿರಿ.

ಬೆದೆ ಗುರುತಿಸುವುದು. ಹಸು ಸರಾಸರಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೇರೆ ಹಸು ಮೇಲೆ ಹಾರಿದಾಗ ಸುಮ್ಮನೆ ನಿಂತುಕೊಳ್ಳುವುದು, ಗಾಜಿನಂತೆ ತಿಳಿಯಾದ ಲೋಳೆ ದಾರದಂತೆ ಇಳಿಯುವುದು, ಕೂಗುವುದು, ಮೇವು ಬಿಡುವುದು, ಇವು ಲಕ್ಷಣ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಸೂಜಿ ಹಾಕಿಸಬೇಕು. ಹಳ್ಳಿಯಲ್ಲಿ "ಸೂಜಿ" ಅಂದರೆ ಕೃತಕ ಗರ್ಭಧಾರಣೆ. ಹಸು ನೆಲಕ್ಕೆ ಮಲಗಿರುವಾಗ, ಅಂದರೆ ರಾತ್ರಿ ಒಂಬತ್ತರ ಹೊತ್ತಿಗೆ ಮತ್ತು ನಸುಕಿನಲ್ಲಿ, ಒಂದು ಸುತ್ತು ಹಾಕಿ. ಎಮ್ಮೆಯಲ್ಲಿ ಲಕ್ಷಣ ಮಂಕಾಗಿರುತ್ತದೆ, ಕೂಗದೆಯೂ ಬೆದೆ ಬಂದು ಹೋಗುತ್ತದೆ. ಅಲ್ಲಿ ಕಣ್ಣು ಇನ್ನೂ ಚುರುಕಾಗಿರಬೇಕು.

ವೀರ್ಯದ ಕಡ್ಡಿ ನಿಭಾಯಿಸುವುದು. ಕಾಲು ಮಿಲಿಲೀಟರ್ ಹಿಡಿಯುವ ಆ ಸಣ್ಣ ಕಡ್ಡಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರುತ್ತದೆ. ಹೊರಗೆ ತೆಗೆದು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕರಗಿಸಬೇಕು. ಅಂಗೈಯಲ್ಲಿ ಉಜ್ಜಿ, ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಕರಗಿಸುವವರಿದ್ದಾರೆ. ಆಮೇಲೆ "ಹಸು ಗಬ್ಬ ನಿಲ್ಲುತ್ತಿಲ್ಲ" ಅಂತ ಹಸುವಿನ ಮೇಲೆ ತಪ್ಪು ಹೊರಿಸುತ್ತಾರೆ.

ಕರು ನೋಡಿಕೊಳ್ಳುವುದು. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕಿಲೋ ಕರುವಿಗೆ 3 ಲೀಟರ್, ಎರಡು ಮೂರು ಸಲಕ್ಕೆ ಹಂಚಿ ಕೊಡಿ. "ಕಸ ಬೀಳುವವರೆಗೆ ಹಾಲು ಕರೆಯಬಾರದು" ಅನ್ನುವ ನಂಬಿಕೆ ಅನೇಕ ಊರಲ್ಲಿ ಇದೆ. ಕಸ ಅಂದರೆ ಕರುವಿನ ಹಿಂದೆ ಬೀಳುವ ಮಾಸು. ಆ ಕಾಯುವಿಕೆಯಲ್ಲೇ ಕರುಗಳು ಹೋಗುತ್ತವೆ. ರೋಗ ತಡೆಯುವ ಶಕ್ತಿ ಗಿಣ್ಣಿನಿಂದ ಕರುವಿನ ರಕ್ತಕ್ಕೆ ಇಳಿಯುವುದು ಮೊದಲ ಕೆಲವು ಗಂಟೆ ಮಾತ್ರ ಚೆನ್ನಾಗಿ ನಡೆಯುತ್ತದೆ. ಇದನ್ನು ಅಜ್ಜಿಯರ ಜೊತೆ ಜಗಳವಾಡದೆ ಹೇಳುವುದನ್ನೂ ಕಲಿಯಬೇಕು.

ಕೆಚ್ಚಲು ಬಾವು ಮೊದಲೇ ಹಿಡಿಯುವುದು. ಮೊದಲ ಒಂದೆರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿ, ಗರಣೆ ಇದ್ದರೆ ಕಾಣುತ್ತದೆ. ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಮುಂದೆ ಹಸಿ ಮೇವು ಹಾಕಿ. ಆಗ ಮೊಲೆಯ ಬಾಯಿ ತೆರೆದಿರುತ್ತದೆ, ನೆಲದ ಕೊಳೆ ಒಳಗೆ ಹೋಗುತ್ತದೆ. ಖರ್ಚಿಲ್ಲದ ಕೆಲಸ. ಆದರೂ ಮಾಡುವವರು ಕಡಿಮೆ.

ಆಹಾರ ತೂಗಿ ಕೊಡುವುದು. ಮೈ ಉಳಿಸಿಕೊಳ್ಳಲು ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಹಿಂಡಿ, ಅದರ ಮೇಲೆ ಹಸುವಿಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ, ಎಮ್ಮೆಗೆ ಪ್ರತಿ ಎರಡು ಲೀಟರ್‌ಗೆ ಒಂದು ಕಿಲೋ. ಇದು ಮೊದಲ ಅಂದಾಜು. ಮೇವು ಎಷ್ಟು ಒಳ್ಳೆಯದಿದೆ ಅನ್ನುವುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ.

ಲಸಿಕೆಯ ಕ್ಯಾಲೆಂಡರ್ ಬಾಯಿಪಾಠ ಇರಲಿ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ. ಗಳಲೆ ರೋಗ, ಚಪ್ಪೆ ರೋಗಕ್ಕೆ ಮಳೆಗಾಲ ಹಿಡಿಯುವ ಮೊದಲು. ಲಸಿಕೆಯನ್ನು ಐಸ್ ಪೆಟ್ಟಿಗೆಯಲ್ಲೇ ಒಯ್ಯಬೇಕು. ಬೈಕಿನ ಬ್ಯಾಗಿನಲ್ಲಿ ಬಿಸಿಲಿಗೆ ಬಿದ್ದ ಲಸಿಕೆ ನೀರಿಗೆ ಸಮ.

ಇನ್ನೊಂದು ಕಿವಿಮಾತು. ಪದಗಳನ್ನು ಎರಡೂ ಕಡೆಯಿಂದ ಕಲಿಯಿರಿ. ಮದ್ದಿನ ಬಾಟಲಿ ಮತ್ತು ಮೊಬೈಲ್ ಆ್ಯಪ್ ಬ್ರೂಸೆಲ್ಲೋಸಿಸ್ ಅನ್ನುತ್ತವೆ, ರೈತರು ಕಂದು ರೋಗ ಅನ್ನುತ್ತಾರೆ. ಎರಡೂ ಗೊತ್ತಿದ್ದವರೇ ನಡುವೆ ನಿಂತು ಕೆಲಸ ಮಾಡಬಲ್ಲರು.

ಹಂತ 6: ಲೆಕ್ಕದ ಪುಸ್ತಕ ಮೊದಲ ತಿಂಗಳೇ ಶುರು ಮಾಡಿ

ಫಾರ್ಮ್ ನಿರ್ವಹಣೆ ಅನ್ನುವ ದೊಡ್ಡ ಮಾತಿನ ಒಳಗೆ ಇರುವುದು ಇಷ್ಟೇ: ಬರೆದಿಡುವುದು, ಬರೆದದ್ದನ್ನು ನೋಡಿ ತೀರ್ಮಾನ ಮಾಡುವುದು. ಕಾಲೇಜಿನ ಕೊಟ್ಟಿಗೆಯಲ್ಲೋ ನಿಮ್ಮ ಮನೆಯಲ್ಲೋ ಒಂದೇ ಒಂದು ಹಸು ಆರಿಸಿಕೊಳ್ಳಿ. ಇನ್ನೂರು ಪುಟದ ನೋಟ್‌ಬುಕ್ ಸಾಕು. ಕಿವಿಯೋಲೆಯ 12 ಅಂಕಿ ಮೇಲೆ ಬರೆಯಿರಿ. ಕರು ಹಾಕಿದ ದಿನ, ಬೆದೆಗೆ ಬಂದ ದಿನ, ಸೂಜಿ ಹಾಕಿಸಿದ ದಿನ, ಬಳಸಿದ ಹೋರಿಯ ಸಂಖ್ಯೆ, ಗಬ್ಬ ಪರೀಕ್ಷೆ, ಬೆಳಗ್ಗೆ ಸಂಜೆಯ ಹಾಲು, ಹಾಕಿದ ಹಿಂಡಿ, ಕೊಟ್ಟ ಮದ್ದು, ಎಲ್ಲ ಬರಲಿ.

ಇದರಿಂದ ಏನು ಸಿಗುತ್ತದೆ ಅಂತ ಒಂದು ಲೆಕ್ಕ ಮಾಡೋಣ. ಹಸು ಗಬ್ಬ ಇರುವುದು ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ ಕರು ಹಾಕಿದ ಸುಮಾರು 85 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. 305 ದಿನ ಹಾಲು, 60 ದಿನ ಬತ್ತಿಸಿ ವಿಶ್ರಾಂತಿ. ಒಂದು ಬೆದೆ ಕಣ್ತಪ್ಪಿದರೆ 21 ದಿನ ಹೋಯಿತು. ಹಾಲು ಕೊಡದ ಹಸುವಿನ ಮೇವು, ಹಿಂಡಿಗೆ ದಿನಕ್ಕೆ 120 ರೂಪಾಯಿ ಅಂತ ಇಟ್ಟುಕೊಂಡರೆ, ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ, ಒಂದು ಬೆದೆಯ ಬೆಲೆ 2,520 ರೂಪಾಯಿ. ಮೂರು ಬೆದೆ ತಪ್ಪಿದರೆ 7,560. ಬರದ ಹಾಲಿನ ನಷ್ಟ ಇದರಲ್ಲಿ ಇನ್ನೂ ಸೇರಿಲ್ಲ. ಈ ದುಡ್ಡು ಯಾರ ಕೈಯಿಂದಲೂ ಎದ್ದು ಹೋಗುವುದು ಕಾಣುವುದಿಲ್ಲ. ಅದಕ್ಕೇ ಇದು ರೋಗಕ್ಕಿಂತ ಜಾಸ್ತಿ ಕೊಲ್ಲುತ್ತದೆ.

ಮುಂದಿನದು ಲೀಟರಿನ ಖರ್ಚು. ಹೈನುಗಾರಿಕೆಯಲ್ಲಿ ಒಟ್ಟು ಖರ್ಚಿನಲ್ಲಿ ನೂರಕ್ಕೆ 60ರಿಂದ 70 ಭಾಗ ಆಹಾರಕ್ಕೇ ಹೋಗುತ್ತದೆ. ಉಳಿದದ್ದು ಕೂಲಿ, ಮದ್ದು, ಕರೆಂಟು, ಸಾಲದ ಬಡ್ಡಿ, ವಿಮೆ. ಇಲ್ಲಿ ಎಲ್ಲರೂ ಮರೆಯುವ ಎರಡು ಬಾಬ್ತು ಇವೆ. ಒಂದು ಮನೆಯವರ ದುಡಿಮೆ. ಅಮ್ಮ ದಿನಕ್ಕೆ ನಾಲ್ಕು ಗಂಟೆ ಕೊಟ್ಟಿಗೆಯಲ್ಲಿ ದುಡಿದರೆ ಅದಕ್ಕೆ ಕೂಲಿ ಬರೆಯಿರಿ. ಬರೆಯದಿದ್ದರೆ ಲಾಭ ಅಂತ ಕಾಣುವುದು ಅಮ್ಮನ ಬೆವರು. ಇನ್ನೊಂದು ಸವಕಳಿ. ಕೊಂಡ ಹಸುವಿನ ಬೆಲೆ ಪ್ರತಿ ಸೂಲಿಗೂ, ಅಂದರೆ ಕರು ಹಾಕಿದ ಪ್ರತಿ ಸಲವೂ, ಇಳಿಯುತ್ತದೆ. ಕೊಂಡ ಬೆಲೆಯಲ್ಲಿ ಕೊನೆಗೆ ಸಿಗಬಹುದಾದ ಬೆಲೆ ಕಳೆದು, ಎಷ್ಟು ವರ್ಷ ಹಾಲು ಕೊಡುತ್ತದೋ ಅಷ್ಟರಿಂದ ಭಾಗಿಸಿ, ವರ್ಷದ ಖರ್ಚಿಗೆ ಸೇರಿಸಿ. ಗೊಬ್ಬರ ಮತ್ತು ಹೆಣ್ಣು ಕರುವಿನ ಬೆಲೆಯನ್ನು ಆದಾಯಕ್ಕೆ ಸೇರಿಸುವುದನ್ನೂ ಮರೆಯಬೇಡಿ, ಅದು ನ್ಯಾಯ.

ಎರಡು ವರ್ಷ ಒಂದು ಹಸುವಿನ ಪುಸ್ತಕ ಬಿಡದೆ ಬರೆದವರು ಕೆಲಸದ ಸಂದರ್ಶನಕ್ಕೆ ಅದನ್ನೇ ತೆಗೆದುಕೊಂಡು ಹೋಗಲಿ. ಅಂಕಪಟ್ಟಿಗಿಂತ ಅದು ಚೆನ್ನಾಗಿ ಮಾತಾಡುತ್ತದೆ.

ಹಂತ 7: ಮೊದಲು ನಿಮ್ಮ ಮೈ ಕಾಪಾಡಿಕೊಳ್ಳಿ

ಕಂದು ರೋಗ ಹಸುವಿನಿಂದ ಮನುಷ್ಯರಿಗೆ ಬರುತ್ತದೆ. ಬಂದರೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ತಿಂಗಳುಗಟ್ಟಲೆ ನರಳಾಟ. ಕಂದು ಹಾಕಿದ (ದಿನ ತುಂಬುವ ಮೊದಲೇ ಬಿದ್ದ) ಕರುವನ್ನು, ಬೀಳದ ಕಸವನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಉದ್ದ ಗ್ಲೌಸ್ ಇಲ್ಲ ಅಂದರೆ ಆ ಕೆಲಸ ಮಾಡುವುದಿಲ್ಲ ಅಂತ ಹೇಳುವ ಧೈರ್ಯ ಇರಲಿ. ಈ ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಹಾಕುತ್ತಾರೆ. ಅದು ಜೀವಂತ ಲಸಿಕೆ. ಹಾಕುವಾಗ ಸೂಜಿ ನಿಮ್ಮ ಬೆರಳಿಗೆ ಚುಚ್ಚಿದರೆ, ಕಣ್ಣಿಗೆ ಸಿಡಿದರೆ, ಅದೇ ದಿನ ವೈದ್ಯರ ಹತ್ತಿರ ಹೋಗಿ ಏನಾಯಿತು ಅಂತ ಬಿಡಿಸಿ ಹೇಳಿ. ರೇಬಿಸ್ ವಿಷಯದಲ್ಲಿ, ಕಚ್ಚುವ ಮೊದಲೇ ತೆಗೆದುಕೊಳ್ಳುವ ಲಸಿಕೆಯ ಬಗ್ಗೆ ಸೇರಿದ ವಾರವೇ ವೈದ್ಯರನ್ನು ಕೇಳಿ. ಹುಚ್ಚು ಹಿಡಿದ ಹಸುವಿನ ಬಾಯಿಗೆ "ಗಂಟಲಲ್ಲಿ ಏನೋ ಸಿಕ್ಕಿದೆ" ಅಂತ ಕೈ ಹಾಕುವುದು ನಮ್ಮ ಕೆಲಸದಲ್ಲಿ ಆಗುವ ಅತಿ ದೊಡ್ಡ ತಪ್ಪು.

ಹಂತ 8: ಮುಗಿದ ಮೇಲೆ ಎಲ್ಲಿಗೆ

ಸರ್ಕಾರಿ ಕೆಲಸ ಬೇಕೆನ್ನುವವರು ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಪಶುವೈದ್ಯಕೀಯ ಸಹಾಯಕರಂಥ ಹುದ್ದೆಗಳ ಪ್ರಕಟಣೆ ಕಾಯಬೇಕು. ಪ್ರತಿ ವರ್ಷ ಬರುವುದಿಲ್ಲ. ಅದನ್ನೇ ನಂಬಿ ಸುಮ್ನೆ ಕೂರಬೇಡಿ. ಹಾಲು ಒಕ್ಕೂಟಗಳು, ಮೊಟ್ಟೆ ಮರಿ ಮಾಡಿಸುವ ಹ್ಯಾಚರಿಗಳು, ಪಶು ಆಹಾರ ಕಂಪನಿಗಳು, ದೊಡ್ಡ ಕುರಿ ಫಾರ್ಮ್‌ಗಳಲ್ಲಿ ಕೆಲಸ ಇರುತ್ತದೆ. ಮನೆ ಬಾಗಿಲಿಗೆ ಹೋಗಿ ಸೂಜಿ ಹಾಕುವ ಕೆಲಸ ಇಷ್ಟವಾದರೆ ಕೇಂದ್ರದ ರಾಷ್ಟ್ರೀಯ ಗೋಕುಲ ಮಿಷನ್ ಅಡಿಯಲ್ಲಿ "ಮೈತ್ರಿ" ಅನ್ನುವ ಮೂರು ತಿಂಗಳ ತರಬೇತಿ ಇದೆ.

ಸ್ವಂತ ಫಾರ್ಮ್ ಅನ್ನುವವರಿಗೆ ಎಚ್ಚರಿಕೆ ಜಾಸ್ತಿ ಬೇಕು. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕುರಿ, ಮೇಕೆ, ನಾಟಿ ಕೋಳಿ, ಹಂದಿ, ಮೇವಿನ ಘಟಕಗಳಿಗೆ ಬಂಡವಾಳದ ಅರ್ಧದಷ್ಟು ಸಹಾಯಧನ ಇದೆ. 500 ಹೆಣ್ಣು, 25 ಟಗರು ಅಥವಾ ಹೋತದ ಘಟಕಕ್ಕೆ ಗರಿಷ್ಠ 50 ಲಕ್ಷ. ತರಬೇತಿ ಅಥವಾ ಅನುಭವ ಇರಬೇಕೆಂಬ ಷರತ್ತಿಗೆ ನಿಮ್ಮ ಡಿಪ್ಲೊಮಾ ಸಹಾಯಕ್ಕೆ ಬರುತ್ತದೆ. ಆದರೆ ಹಾಲಿನ ಹಸು ಕೊಳ್ಳಲು ಈ ಯೋಜನೆ ಇಲ್ಲ, ಅಲ್ಲಿಗೆ ಅರ್ಜಿ ಹಾಕಿ ವರ್ಷ ಕಳೆಯಬೇಡಿ. ಸಹಾಯಧನ ಕಂತಿನಲ್ಲಿ ಬರುತ್ತದೆ, ಕೆಲಸ ತೋರಿಸಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಸಾಲದ ಕಂತು ಕಟ್ಟುವ ಶಕ್ತಿ ನಿಮ್ಮಲ್ಲಿ ಇರಬೇಕು. ಸಹಾಯಧನ ಇಲ್ಲದೆಯೂ ನಡೆಯುವ ಲೆಕ್ಕ ಇದ್ದರೆ ಮಾತ್ರ ಕೈ ಹಾಕಿ.

ಹಸುವಿನಿಂದ ಶುರು ಮಾಡುವವರು ಶೆಡ್ ಕಟ್ಟುವ ಮೊದಲು ಮೇವು ಬಿತ್ತಿ. ಮೇವು ಕೊಯ್ಲಿಗೆ ಬಂದ ಮೇಲೆ ಹಸು ತನ್ನಿ. ಹತ್ತು ಬೇಡ, ಎರಡು ಸಾಕು. ಒಂದು ಅಥವಾ ಎರಡನೇ ಸೂಲಿನವು ಇರಲಿ. ಮಾರುವವರ ಕೊಟ್ಟಿಗೆಯಲ್ಲೇ ಎರಡು ಹೊತ್ತು ನಿಂತು, ಹಾಲು ಕರೆಸಿ, ಅಳೆದು ನೋಡಿ. ಸಂತೆಗೆ ಬರುವ ಹಸುವನ್ನು ಹಿಂದಿನ ಹೊತ್ತು ಕರೆಯದೆ ಕೆಚ್ಚಲು ತುಂಬಿಸಿ ತರುವುದುಂಟು. ಕಂದು ರೋಗ ಮತ್ತು ಕೆಚ್ಚಲು ಬಾವಿನ ಪರೀಕ್ಷೆ ಮಾಡಿಸದೆ ಹಗ್ಗ ಹಿಡಿಯಬೇಡಿ. ತಂದ ಮೇಲೆ ಮೂರು ವಾರ ಮನೆಯ ಹಸುಗಳಿಂದ ದೂರ ಕಟ್ಟಿ. ಎರಡನೇ ಹಸುವನ್ನು ಆರು ತಿಂಗಳು ಬಿಟ್ಟು ತನ್ನಿ, ಅದೂ ಹೊಸದಾಗಿ ಕರು ಹಾಕಿದ್ದನ್ನು. ಆಗ ಮೊದಲನೆಯದು ಬತ್ತುವ ಹೊತ್ತಿಗೆ ಎರಡನೆಯದು ಹಾಲಿನಲ್ಲಿರುತ್ತದೆ, ಡೇರಿಯ ಪಾಸ್‌ಬುಕ್ಕಿನಲ್ಲಿ ಯಾವ ವಾರವೂ ಖಾಲಿ ಬೀಳುವುದಿಲ್ಲ.